ರಮಾ ಬರೆದಿಟ್ಟ ಡಿಸ್ಕ್ ನಂಬರುಗಳು

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ನಮ್ಮ ಹಳೆಯ ಕಚೇರಿಯವರು ಕೇಳಿ ಎರಡು ವರ್ಷವಾಯಿತು. ಆಗ ನನ್ನ ಹೆಂಡತಿ ರಮಾ ಇದ್ದಳು. 'ಬರೀರಿ, ನಾ ಇನ್ನೊಂದು ಪ್ರತಿ ಮಾಡ್ತೀನಿ' ಅಂದಿದ್ದಳು. ನಾನು ಇವತ್ತು ನಾಳೆ ಎನ್ನುತ್ತ ಬರೆಯಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಮೂರು ತಿಂಗಳ ಜಡ್ಡಿನಲ್ಲಿ ಅವಳು ತೀರಿಕೊಂಡಳು. ಅವಳ ಸೀರೆಗಳನ್ನು ತಂಗಿಯರಿಗೆ ಕೊಟ್ಟ ಮೇಲೆ ಟ್ರಂಕಿನ ತಳದಲ್ಲಿ ಹತ್ತೊಂಬತ್ತು ನೋಟ್‌ಬುಕ್ಕು ಉಳಿದವು. ಅವು ನನ್ನ ಕೆಲಸದ ಡೈರಿಗಳ ಪ್ರತಿಗಳು. ಮೂಲ ಡೈರಿಗಳಲ್ಲಿ ಒಂದೂ ಇಲ್ಲ. ಅವು ಹೇಗೆ ಹೋದವು ಎಂಬುದನ್ನು ಮುಂದೆ ಹೇಳುತ್ತೇನೆ. ಈಗ ಅವಳ ಅಕ್ಷರ ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಕೊಡ್ಲಿ ಎಂಬ ಊರಿನಲ್ಲಿ ಹುಟ್ಟಿ, ಐ.ಟಿ.ಐ. ಮುಗಿಸಿ, ಕಲಬುರಗಿಯ ಒಂದು ಸಣ್ಣ ಸರ್ವಿಸ್ ಸಂಸ್ಥೆಗೆ ತೊಂಬತ್ತರ ದಶಕದ ಮೊದಲಲ್ಲಿ ಸೇರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರು ನನ್ನ ಪಾಲಿಗೆ ಬಂದವು. ನಡುವೆ ಬೀಳುತ್ತದೆಂದು ಸೇಡಂನಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ಬಸ್ಸಿಗೋ ರೈಲಿಗೋ ಹೋಗುವುದು, ಕೆಟ್ಟು ನಿಂತ ಯಂತ್ರ ನೋಡುವುದು, ಸಂಜೆ ಬರುವುದು. ಕಂಪ್ಯೂಟರ್ ಕೆಲಸ ಎಂದರೆ ತಣ್ಣಗಿನ ಕೋಣೆಯಲ್ಲಿ ಕೂರುವುದು ಎಂದು ಊರವರು ತಿಳಿದಿದ್ದರು. ನಮ್ಮ ಕಡೆ ಅದು ಧೂಳಿನ ಕೆಲಸ. ಸೇಡಂನ ಯಂತ್ರ ಬಿಚ್ಚಿದರೆ ತೊಗರಿ ಹೊಟ್ಟಿನ ಧೂಳು, ವಾಡಿಯದು ಬಿಚ್ಚಿದರೆ ಸಿಮೆಂಟಿನ ಬೂದಿಯಂಥದು, ಶಹಾಬಾದಿನದು ಬಿಚ್ಚಿದರೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಬಿಳಿ ಹಿಟ್ಟು. ಮುಖ ನೋಡದೆ ಧೂಳು ನೋಡಿ ಯಂತ್ರದ ಊರು ಹೇಳುವಂತಾಗಿತ್ತು.

ನನಗೆ ಕೆಲಸ ಕಲಿಸಿದವರು ಮುಜೀಬ್ ಸಾಹೇಬರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಮಾತು ಕಡಿಮೆ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದೊಳಗೆ ತಿರುಗುವ ಡಿಸ್ಕಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಡಾಕ್ಟರ್ ಎದೆ ಕೇಳಿದಂತೆ ಕೇಳುತ್ತಿದ್ದರು. ಯಾವ ಡಿಸ್ಕ್ ಸಾಯಲಿಕ್ಕೆ ಬಂದಿದೆ ಎಂದು ಅವರು ಹೇಳಿದ್ದು ನಾನು ಕಂಡಂತೆ ಸುಳ್ಳಾಗಲಿಲ್ಲ. ನಾನೂ ಅದನ್ನು ಕಲಿತೆ, ಕಲಿತೆನೆಂದು ಹೆಮ್ಮೆಯೂ ಇತ್ತು. ಆ ಹೆಮ್ಮೆಯೇ ಮುಂದೆ ಶಹಾಬಾದಿನಲ್ಲಿ ನನ್ನನ್ನು ಮುಳುಗಿಸುವುದರಲ್ಲಿತ್ತು.

ಮೊದಲು ಸೇಡಂನ ಬೇಳೆ ಮಿಲ್ಲಿನ ಮಾತು. ಅಲ್ಲಿನ ದೊಡ್ಡ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದವು. ಒಂದರಲ್ಲಿ ಬರೆದದ್ದೆಲ್ಲ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಇದಕ್ಕೆ ನಾವು ಮಿರರ್ ಅನ್ನುತ್ತಿದ್ದೆವು. ಯಂತ್ರವನ್ನು ಎಬ್ಬಿಸುವ ಡಿಸ್ಕೇ ಹಳತಾದಾಗಲೂ ಇದೇ ದಾರಿ: ಹೊಸ ಡಿಸ್ಕನ್ನು ಜೋಡಿ ಮಾಡಿ, ಹಳೆಯದರ ಪೂರ್ತಿ ಪ್ರತಿ ಅದರ ಮೇಲೆ ಇಳಿಯುವ ತನಕ ಕಾದು, ಆಮೇಲೆ ಹಳೆಯದನ್ನು ತೆಗೆಯುವುದು. ಮಿಲ್ಲಿನಲ್ಲಿ ನಾನು ಹಾಗೆಯೇ ಮಾಡಿದೆ. ಪ್ರತಿ ಪೂರ್ತಿಯಾಯಿತೆಂದು ಪರದೆ ಹೇಳಿತು. ಹಳೆಯದನ್ನು ತೆಗೆದು ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆ. ಎಬ್ಬಿಸುವ ಡಿಸ್ಕೇ ಇಲ್ಲ ಎಂದಿತು.

ಮಿಲ್ಲಿನ ಲೆಕ್ಕ ಬರೆಯುವ ಮುನೀಮರು ನನ್ನ ಹಿಂದೆ ನಿಂತು, ಇಷ್ಟು ಹೊತ್ತು ಕುಂಟುತ್ತಾದರೂ ನಡೆಯುತ್ತಿತ್ತು, ನೀನು ಬಂದು ಮಲಗಿಸಿದೆ ಎಂದರು. ಹೊರಗೆ ತೊಗರಿ ಗಾಡಿಗಳ ಸಾಲು. ಆಗ ನೆನಪಾಯಿತು. ಪ್ರತಿ ಮಾಡುವಾಗ ಡಿಸ್ಕಿನ ಮೊದಲ ತುಂಡು, ಯಂತ್ರ ಏಳಲು ಮೊಟ್ಟಮೊದಲು ಓದುವ ಜಾಗ, ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿ ಬರೆಯಬೇಕು. ನಾನು ಬರೆದಿರಲಿಲ್ಲ. ಪುಣ್ಯಕ್ಕೆ ಹಳೆಯ ಡಿಸ್ಕ್ ನನ್ನ ಚೀಲದಲ್ಲೇ ಇತ್ತು. ಅದನ್ನು ಮತ್ತೆ ಕೂಡಿಸಿ ಎಬ್ಬಿಸಿ, ಆ ತುಂಡು ಬರೆದು, ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ಹೊರಗೆ ಬಂದೆ. ಮುಜೀಬ್ ಸಾಹೇಬರಿಗೆ ಹೇಳಿದಾಗ ಅವರು ಬೈಯಲಿಲ್ಲ. ಹೊಸ ಡಿಸ್ಕ್ ಒಂಟಿಯಾಗಿ ಎದ್ದು ನಿಲ್ಲುವುದನ್ನು ಕಣ್ಣಾರೆ ನೋಡುವ ತನಕ ಹಳೆಯದು ನಿನ್ನ ಕೈ ಅಳತೆಯಲ್ಲಿ ಇರಬೇಕು, ನೋಡಿದ ಮೇಲೂ ಒಂದು ವಾರ ಇರಬೇಕು ಎಂದರು. ಅಂದಿನಿಂದ ನಾನು ಹಳೆಯ ಡಿಸ್ಕುಗಳನ್ನು ಮನೆಗೆ ತಂದು ವಾರಗಟ್ಟಲೆ ಇಟ್ಟುಕೊಳ್ಳುತ್ತಿದ್ದೆ. ರಮಾ ಅವುಗಳನ್ನು ಜೋಳದ ಡಬ್ಬಿಯ ಪಕ್ಕ ಸಾಲಾಗಿ ಇಡುತ್ತಿದ್ದಳು. ನೆರೆಯವಳು ಇವೇನು ಎಂದು ಕೇಳಿದರೆ, ನಮ್ಮ ಮನೆಗೆ ಬಂದ ಬೀಗರು, ವಾರ ಇದ್ದು ಹೋಗ್ತಾರ ಅನ್ನುತ್ತಿದ್ದಳು.

ಹೊಸ ಡಿಸ್ಕ್ ಒಯ್ಯುವುದೂ ಒಂದು ಆತಂಕ. ಬಸ್ಸಿನ ಕುಲುಕಾಟಕ್ಕೆ ಅದು ಒಳಗೇ ಕೆಡಬಹುದು. ರಮಾಳ ಹಳೆಯ ನೂಲಿನ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಕವಚದ ಮೇಲೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ವಾಡಿ ಸ್ಟೇಶನ್ನಿನಲ್ಲಿ ಗಾಡಿ ಬದಲಿಸುವಾಗ ಒಮ್ಮೆ ಒಬ್ಬ ಮುದುಕಿ ಕೂಸು ಗಂಡೋ ಹೆಣ್ಣೋ ಎಂದು ಕೇಳಿದಳು. ನಾನು ಏನು ಹೇಳಬೇಕೋ ತಿಳಿಯದೆ ಹೆಣ್ಣು ಎಂದೆ. ಸಂಜೆ ಹೇಳಿದಾಗ ರಮಾ ಭಾಳ ಹೊತ್ತು ನಕ್ಕಳು. ನಮಗೆ ಮಕ್ಕಳಿರಲಿಲ್ಲ. ಆ ನಗು ನನಗೆ ಈಗಲೂ ನೆನಪಿದೆ.

ನೋಟ್‌ಬುಕ್ಕು ಶುರುವಾದದ್ದು ಚಿಂಚೋಳಿಯ ಒಂದು ಮಳೆಯಿಂದ. ಅಲ್ಲೇ ಪಕ್ಕದ ಚಂದಾಪುರದಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ಸಿನ ಮೇಲೆ ಇಟ್ಟ ಚೀಲ ತೊಯ್ದು ಡೈರಿಯ ಶಾಯಿಯೆಲ್ಲ ಹರಡಿತು. ಯಾವ ಯಂತ್ರದಲ್ಲಿ ಯಾವ ಡಿಸ್ಕ್ ಇದೆ, ಅದರ ನಂಬರೇನು, ಹೇಗೆ ಕೂಡಿಸಿದ್ದೇನೆ ಎಂಬುದೆಲ್ಲ ಅದರಲ್ಲಿತ್ತು. ನಾನು ಒಲೆಯ ಮುಂದೆ ಹಾಳೆ ಒಣಗಿಸುತ್ತ ಕೂತಿದ್ದೆ. ಮಿಲ್ಲಿನ ಯಂತ್ರದಲ್ಲಿ ಎರಡೆರಡು ಇಡುತ್ತೀರಲ್ಲ, ಇದನ್ನು ಯಾಕೆ ಒಂದೇ ಇಟ್ಟಿರಿ ಎಂದು ರಮಾ ಕೇಳಿದಳು. 

ಮರುದಿನವೇ ಅವಳು ಒಂದು ನೋಟ್‌ಬುಕ್ ತರಿಸಿದಳು. ಅವಳು ಓದಿದ್ದು ನಾಲ್ಕನೆಯ ತರಗತಿ. ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ನೋಡಿ ಹಾಕಿದಂತೆ ನೋಡಿ ಬರೆಯುತ್ತಿದ್ದಳು. ಮೊದಲ ನೋಟ್‌ಬುಕ್ಕಿನಲ್ಲಿ ಅವು ವಾಲಾಡುತ್ತವೆ, ಮೂರನೆಯದರ ಹೊತ್ತಿಗೆ ನನ್ನವಕ್ಕಿಂತ ನೆಟ್ಟಗಿವೆ. ಬರೆದಾದ ಮೇಲೆ ತಾಳೆ ನೋಡುತ್ತಿದ್ದೆವು. ನಾನು ಡೈರಿಯಿಂದ ಒಂದೊಂದೇ ಅಂಕಿ ಓದುವುದು, ಅವಳು ತನ್ನ ಪ್ರತಿಯ ಮೇಲೆ ಬೆರಳಿಟ್ಟು 'ಹೂಂ' ಅನ್ನುವುದು. ಒಂದು ಹೂಂ ತಪ್ಪಿದರೆ ಆ ಸಾಲು ಮೊದಲಿನಿಂದ. ಅಡುಗೆ ಮನೆಯಲ್ಲಿ ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಹತ್ತಿಪ್ಪತ್ತು ವರ್ಷ ನಡೆಯಿತು.

ಈಗ ನಮ್ಮ ಮ್ಯಾನೇಜರರ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಟ್ಟವರಲ್ಲ. ಅವರಿಗೆ ಪ್ರತಿ ಕೆಲಸವೂ ಹತ್ತು ನಿಮಿಷದ್ದು. ನಾನು ಎಲ್ಲಿದ್ದರೂ ಫೋನು ಮಾಡಿ, ಆಯಿತೇನು ಎಂದು ಕೇಳುವರು. ಒಂದು ದೀಪಾವಳಿಗೆ ಕಚೇರಿ ಸುಣ್ಣ ಬಳಿಸುವಾಗ, ನಾವೆಲ್ಲ ಅವರ ಹೇಳಿಕೆಯಂತೆ ತಂದು ಒಪ್ಪಿಸಿದ್ದ ಹಳೆಯ ಡೈರಿಗಳನ್ನು ರದ್ದಿಯವನಿಗೆ ಹಾಕಿಸಿಬಿಟ್ಟರು. ನನ್ನವು ಏಳು ಹೋದವು. ಆಮೇಲಿನವೂ ಹೀಗೇ ಹೋದವು. ನಾನು ಆಗ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ರಮಾಳ ಪ್ರತಿ ಇದೆ ಎಂಬುದು ನೆನಪಿಗೂ ಬರಲಿಲ್ಲ. ಅದು ಅವಳ ಒಂದು ಹವ್ಯಾಸ ಎಂದುಕೊಂಡಿದ್ದೆ.

ಶಹಾಬಾದಿನ ಸಂಗತಿ ಎರಡು ಸಾವಿರ ಇಸವಿ ದಾಟಿದ ಮೇಲಿನದು.

ಅಲ್ಲಿ ಒಂದು ಧರ್ಮಾರ್ಥ ಆಸ್ಪತ್ರೆ ಇತ್ತು. ಹೆಸರು ಬೇಡ. ಪರಸಿ ಕಲ್ಲು ಕಡಿಯುವವರು, ತಿಕ್ಕುವವರು, ಕಲ್ಲಿನ ಹಿಟ್ಟು ಕುಡಿದು ಎದೆ ಕೆಟ್ಟವರು ಅಲ್ಲಿಗೆ ಬರುತ್ತಿದ್ದರು. ಅಲ್ಲಿನ ಲೇಡಿ ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ಪ್ರತಿಯೊಬ್ಬರ ಲೆಕ್ಕ ಇಟ್ಟಿದ್ದರು: ಯಾವ ಖಣಿಯಲ್ಲಿ ಎಷ್ಟು ವರ್ಷ, ಯಾವ ವರ್ಷ ಎದೆಯ ಎಕ್ಸ್‌ರೇ ಫೋಟೊ ಹೇಗಿತ್ತು, ಉಸಿರು ಎಷ್ಟು ಕಡಿಮೆಯಾಯಿತು. ಮುನ್ನೂರು ಚಿಲ್ಲರೆ ಜನ. ಅದೆಲ್ಲ ನಾನು ಕೂಡಿಸಿಕೊಟ್ಟ ಯಂತ್ರದಲ್ಲಿ, ಜೋಡಿ ಡಿಸ್ಕಿನ ಮೇಲೆ. ಕಾಗದದ ರಿಜಿಸ್ಟರನ್ನು ನಿಲ್ಲಿಸಬಹುದು, ಎರಡು ಡಿಸ್ಕ್ ಇವೆ, ಏನೂ ಆಗುವುದಿಲ್ಲ ಎಂದು ಹೇಳಿದವನೂ ನಾನೇ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಹೋದಾಗ ಹೊರಗಿನ ಬೆಂಚಿನ ಮೇಲೆ ಐದಾರು ಜನ ಕೂತಿದ್ದರು. ಅವರಲ್ಲಿ ಮಲ್ಕಪ್ಪ ಎಂಬವರು ವಾಡಿ ಕಡೆಯ ಖಣಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಎಬ್ಬಿಸಿದವರು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮರುದಿನ ವಿಚಾರಣೆಗೆ ಅಧಿಕಾರಿ ಬರುವವರಿದ್ದರು. ಈ ರೋಗ ಖಣಿಯ ಕೆಲಸದಿಂದ ಬಂದದ್ದೋ ಅಲ್ಲವೋ ಎಂಬುದನ್ನು ಅವರು ನಿರ್ಧರಿಸಬೇಕು. ವರ್ಷವರ್ಷದ ದಾಖಲೆ ಇಲ್ಲದಿದ್ದರೆ, ಬೀಡಿ ಸೇದಿ ಬಂದದ್ದು ಎಂದು ಖಣಿಯವರು ಹೇಳಿ ಕೈ ತೊಳೆದುಕೊಳ್ಳುವರು. ದಾಖಲೆಯ ಹಾಳೆಗಳನ್ನು ಹಿಂದಿನ ದಿನ ಪ್ರಿಂಟ್ ತೆಗೆಯಲು ಹೊರಟು ಹನ್ನೊಂದು ಜನರದಷ್ಟೇ ಬಂದಿದ್ದವು. ಆಮೇಲೆ ಯಂತ್ರ ಪ್ರತಿ ಹಾಳೆಗೂ ಗಕ್ಕನೆ ನಿಲ್ಲುತ್ತಿತ್ತು. ಈಗ ಪೂರ್ತಿ ನಿಂತಿತ್ತು. ಆರಿರಲಿಲ್ಲ, ಆದರೆ ಯಾವುದಕ್ಕೂ ಓಗೊಡುತ್ತಿರಲಿಲ್ಲ.

ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. 'ಡಿಸ್ಕ್ ಒಂದು' ಕೆಟ್ಟಿದೆ. ನಮ್ಮ ಎರಡು ಡಿಸ್ಕಿಗೆ ಸೊನ್ನೆ, ಒಂದು ಎಂದು ಹೆಸರು. ಎರಡೂ ಒಂದೇ ತಂತಿಯ ಮೇಲೆ. ಕೆಟ್ಟದ್ದು ಸುಮ್ಮನೆ ಸಾಯದೆ ತಂತಿಯನ್ನು ಹಿಡಿದು ಎಳೆದಾಡುತ್ತ ಒಳ್ಳೆಯದಕ್ಕೂ ಮಾತಾಡಲು ಬಿಡುತ್ತಿರಲಿಲ್ಲ. ಕೆಟ್ಟದ್ದನ್ನು ಹೊರಗೆ ಎಳೆದರೆ ಒಳ್ಳೆಯದು ಉಸಿರಾಡುತ್ತದೆ. ಅಷ್ಟೇ ಕೆಲಸ. ಯಂತ್ರ ನಡೆಯುವಾಗಲೇ ಎಳೆಯಬಹುದಾದ ಟ್ರೇಗಳು ಅವು. ನಾನು ಕೂಡಿಸುವಾಗ ಸೊನ್ನೆ ಮೇಲಿನ ಟ್ರೇಯಲ್ಲಿ, ಒಂದು ಕೆಳಗಿನ ಟ್ರೇಯಲ್ಲಿ ಇಟ್ಟು, ಆಸ್ಪತ್ರೆಯದೇ, ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ ಅಂಕಿ ಬರೆದಿದ್ದೆ.

ಪಟ್ಟಿ ಇರಲಿಲ್ಲ. ಅವುಗಳ ಜಾಗದಲ್ಲಿ ಎರಡೂ ಟ್ರೇಗಳ ಮೇಲೆ ಒಂದೊಂದು ವಿಭೂತಿಯ ಎಳೆ, ನಡುವೆ ಕುಂಕುಮ.

ಆಸ್ಪತ್ರೆಯ ಅಟೆಂಡರ್ ಭೀಮಶಾನನ್ನು ಕರೆದು ಕೇಳಿದೆ. ಐವತ್ತರ ಹತ್ತಿರದವನು, ಆಸ್ಪತ್ರೆ ಶುರುವಾದಾಗಿನಿಂದ ಇದ್ದವನು.

'ದಸರಾದಾಗ ಖಂಡೆ ಪೂಜಾಕ್ಕ ಎಲ್ಲಾ ಮಶೀನ್ ಒರೆಸಿದ್ನಿರಿ ಸರ್. ಫೋಟೊ ಮಶೀನು, ಇದು, ಅಂಬುಲೆನ್ಸು. ಆ ಪಟ್ಟಿ ಮೈಲಿಗಿ ಆಗಿತ್ತು, ತಗದೆ.'

'ಟ್ರೇ ಹೊರಗ ತಗದಿದ್ದೇನು?'

'ತಗದ್ನಲ್ಲರಿ. ಡಾಕ್ಟರ್ ಬಾಯಿ ಬಂದ್ ಮಾಡಿ ಕೊಟ್ಟ ಮ್ಯಾಲೇ ತಗದೀನಿ. ಒಳಗ ಹಿಟ್ಟು ಕೂತಿತ್ತು. ಒರೆಸಿ ಮತ್ತ ಇಟ್ಟೆ.'

'ಮ್ಯಾಲಿಂದು ಮ್ಯಾಲೇ ಇಟ್ಟಿ?'

ಅವನು ಟ್ರೇಗಳನ್ನು ನೋಡಿದ, ನನ್ನನ್ನು ನೋಡಿದ. 'ಎರಡೂ ಒಂದೇ ಥರಾ ಅವ ಅಲ್ರಿ ಸರ್' ಎಂದ.

ಅವನದು ತಪ್ಪಲ್ಲ. ಆ ಯಂತ್ರ ಡಿಸ್ಕನ್ನು ಗುರುತಿಸುತ್ತಿದ್ದದ್ದು ಅದು ಕೂತ ಜಾಗದಿಂದಲ್ಲ. ಡಿಸ್ಕಿನ ಮೈಗೆ ಚುಚ್ಚಿದ ಸಣ್ಣ ಕ್ಲಿಪ್ಪಿನಿಂದ. ಮೇಲೆ ಕೆಳಗೆ ಅದಲು ಬದಲಾದರೂ ಯಂತ್ರ ಏನೂ ಆಗದಂತೆ ನಡೆದಿತ್ತು. ಈಗ 'ಒಂದು' ಮೇಲಿದೆಯೋ ಕೆಳಗಿದೆಯೋ ಹೊರಗಿನಿಂದ ಹೇಳುವವರು ಯಾರೂ ಇರಲಿಲ್ಲ. ಹಸಿರು ದೀಪ ಎರಡರಲ್ಲೂ ಉರಿಯುತ್ತಿತ್ತು. ಅದು ಬರೀ ಕರೆಂಟಿನ ದೀಪ.

ಯಂತ್ರ ಆರಿಸಿ, ಎರಡನ್ನೂ ಹೊರಗೆ ತೆಗೆದು, ಕ್ಲಿಪ್ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಪೂಜೆಯ ಮರುದಿನ ಯಂತ್ರ ಎಬ್ಬಿಸಲು ಮೂರು ಸಲ ಗುಂಡಿ ಒತ್ತಬೇಕಾಯಿತು ಎಂದು ಡಾಕ್ಟರ್ ಬಾಯಿ ಹೇಳಿದರು.  ವರ್ಷಗಟ್ಟಲೆ ಧೂಳಿನಲ್ಲಿ ತಿರುಗಿದ ಡಿಸ್ಕ್ ತಿರುಗುವ ತನಕ ತಿರುಗುತ್ತದೆ. ಒಮ್ಮೆ ನಿಂತರೆ ಮತ್ತೆ ಏಳದೇ ಹೋಗಬಹುದು. ಎರಡೂ ಒಂದೇ ದಿನ ಕೂಡಿಸಿದವು, ಒಂದೇ ವಯಸ್ಸಿನವು. ಬ್ಯಾಕಪ್ ಟೇಪು ಇತ್ತು. ಅದರ ಡ್ರೈವು ಕಲ್ಲಿನ ಹಿಟ್ಟು ತಿಂದು ಎಂದೋ ನಿಂತಿತ್ತು. ಅದನ್ನು ಯಾರೂ ನೋಡಿರಲಿಲ್ಲ, ನಾನೂ ಕೂಡ. ಹಾಗಾಗಿ ಮುನ್ನೂರು ಜನರ ಎದೆಯ ಲೆಕ್ಕ ಆಗ ಒಂದೇ ಒಂದು ತಿರುಗುವ ತಟ್ಟೆಯ ಮೇಲಿತ್ತು. ಅದು ಯಾವ ಟ್ರೇಯಲ್ಲಿದೆ ಎಂದು ಗೊತ್ತಿಲ್ಲದೆ ನಾನು ಅದರ ಮುಂದೆ ಕೂತಿದ್ದೆ.

ಸ್ಕ್ರೂಡ್ರೈವರು ತೆಗೆದು ಕಿವಿಗೆ ಹಚ್ಚಿದೆ. ಮೇಲಿನದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕೆಳಗಿನದರಲ್ಲಿ ನಡುನಡುವೆ ಒಂದು ಸಣ್ಣ ಟಿಕ್. ಮತ್ತೆ ಕೇಳಿದೆ. ಕೆಳಗಿನದೇ. ಮುಜೀಬ್ ಸಾಹೇಬರು ಕಲಿಸಿದ ಸದ್ದು ಅದೇ ಎಂದು ಅನಿಸಿತು. ನಾನು ಮೊದಲು ಇಟ್ಟಿದ್ದ ಜಾಗವೂ ಅದೇ: ಒಂದು ಕೆಳಗೆ. ಎರಡು ಸಾಕ್ಷಿ ಒಂದೇ ಮಾತು ಹೇಳುತ್ತಿದ್ದವು. ಕೆಳಗಿನ ಟ್ರೇಯ ಹಿಡಿಕೆಗೆ ಕೈ ಹಾಕಿದೆ.

ಅಷ್ಟರಲ್ಲಿ ಮ್ಯಾನೇಜರರ ಫೋನು ಬಂತು. ಆಯಿತೇನು ಎಂದು ಕೇಳಿದರು. ಇಲ್ಲ ಎಂದೆ. ಒಂದು ಡಿಸ್ಕ್ ತೆಗೆದು ಒಂದು ಹಾಕಲು ಎಷ್ಟು ಹೊತ್ತು ಎಂದರು. ಫೋನಿಟ್ಟು ಬಂದು ನೋಡಿದರೆ ಬಾಗಿಲಲ್ಲಿ ಮಲ್ಕಪ್ಪ ನಿಂತಿದ್ದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಕೇಳಿದರು.

'ನಂದು ಅದರಾಗ ಅದ ಏನು ತಮ್ಮಾ?'

'ಅದರಿ.'

'ಎಂಟು ವರ್ಷದ್ದೂ?'

'ಎಂಟು ವರ್ಷದ್ದೂ ಅದರಿ.'

'ಹಂಗಾರ ಅವಸರ ಮಾಡಬ್ಯಾಡ. ನಾ ಕುಂದರ್ತೀನಿ.'

ಅವರು ಬೆಂಚಿಗೆ ಹೋಗಿ ಕೂತರು. ನಾನು ಹಿಡಿಕೆಯಿಂದ ಕೈ ತೆಗೆದೆ. ಈಗ ಯೋಚಿಸಿದರೆ ಮ್ಯಾನೇಜರರ ಫೋನು, ಆ ಮಾತು ಎರಡೂ ಸೇರಿ ನನ್ನನ್ನು ಎರಡು ನಿಮಿಷ ತಡೆದವು. ಆ ಎರಡು ನಿಮಿಷದಲ್ಲಿ ಡಿಸ್ಕಿನ ನಂಬರು ನೆನಪಾಯಿತು. ಪ್ರತಿ ಡಿಸ್ಕಿನ ಮೈಮೇಲೆ ಅದರದೇ ಒಂದು ನಂಬರಿನ ಚೀಟಿ ಇರುತ್ತದೆ. ಕೂಡಿಸಿದ ದಿನ, ಸೊನ್ನೆಯ ನಂಬರು ಇಂಥದು, ಒಂದರ ನಂಬರು ಇಂಥದು ಎಂದು ಡೈರಿಯಲ್ಲಿ ಬರೆದಿದ್ದೆ. ಆ ಡೈರಿ ರದ್ದಿಗೆ ಹೋಗಿತ್ತು. ಆದರೆ ರಮಾಳ ನೋಟ್‌ಬುಕ್ ಇತ್ತು.

ಮೊದಲು ಇಲ್ಲಿನ ನಂಬರು ಓದಬೇಕು, ಟ್ರೇ ಹೊರಗೆ ಎಳೆಯದೆ. ಯಂತ್ರದ ಪಕ್ಕದ ಬಾಗಿಲು ಬಿಚ್ಚಿದೆ. ಟ್ರೇಯ ಮೇಲ್ಮೈಯಲ್ಲಿ ಗಾಳಿಯಾಡಲು ಸೀಳುಗಳಿದ್ದವು, ಚೀಟಿ ಅದರ ಕೆಳಗೆ. ಕಣ್ಣು ಅಲ್ಲಿಗೆ ಹೋಗುತ್ತಿರಲಿಲ್ಲ. ಡಾಕ್ಟರ್ ಬಾಯಿ ಗಂಟಲು ನೋಡುವ ಉದ್ದ ಹಿಡಿಕೆಯ ಪುಟ್ಟ ಕನ್ನಡಿ ತಂದುಕೊಟ್ಟರು. ಭೀಮಶಾ ಟಾರ್ಚು ಹಿಡಿದ.  ಕನ್ನಡಿಯಲ್ಲಿ ಅಂಕಿಗಳು ತಿರುಗಿ ಕಂಡವು. ಒಂದೊಂದೇ ಅಂಕಿ ಕಾಗದದ ಮೇಲೆ ಇಳಿಸಿ ನೆಟ್ಟಗೆ ಮಾಡಿದೆ. ಮೇಲಿನದರ ಕೊನೆ 9517. ಕೆಳಗಿನದರ ಕೊನೆ 3062.

ಸೇಡಂಗೆ, ನಮ್ಮ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿದೆ. ರಮಾಳನ್ನು ಕರೆಸಿ, ಶಹಾಬಾದಿನ ಆಸ್ಪತ್ರೆಯ ಯಂತ್ರ ಮೊದಲು ಕೂಡಿಸಿದ ದಿನದ ಹಾಳೆ ಹುಡುಕಿ ತರಲು ಹೇಳಿಸಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ನನ್ನ ಕಾಗದದ ಮೇಲಿನ ಅಂಕಿಗಳನ್ನು ಅವಳಿಗೆ ಹೇಳಲಿಲ್ಲ. ಕೇಳಿದ್ದನ್ನೇ ನೋಡಿದೆ ಅನ್ನುವುದು ಮನುಷ್ಯರ ಕಣ್ಣಿನ ಗುಣ, ಅದಕ್ಕೆ ಮುಂಚೆ ಹೇಳಬೇಡ ಎಂದು ಮುಜೀಬ್ ಸಾಹೇಬರು ಹೇಳಿದ್ದರು.

'ಸಿಕ್ತರಿ. ನಾಲ್ಕನೇ ಬುಕ್ಕಿನಾಗ ಅದ' ಎಂದಳು. 'ಓದ್ಲಿ?'

'ಸೊನ್ನೆ ಅಂತ ಬರದದ್ದು ಓದು. ಒಂದೊಂದೇ.'

ಅವಳು ಓದಿದಳು, ನಾನು ಹೂಂ ಹೂಂ ಅಂದೆ. ಅಂದು ಮೊದಲ ಸಲ ಅವಳು ಓದುವವಳು, ನಾನು ಹೂಂ ಅನ್ನುವವನು. ಸೊನ್ನೆಯ ಕೊನೆ: ಮೂರು, ಸೊನ್ನೆ, ಆರು, ಎರಡು. ಒಂದರ ಕೊನೆ: ಒಂಬತ್ತು, ಐದು, ಒಂದು, ಏಳು.

ಅಂದರೆ ಒಳ್ಳೆಯದು ಕೆಳಗೆ. ನಾನು ಎಳೆಯಲು ಹೊರಟದ್ದು ಅದನ್ನೇ.

 ನನ್ನ ಕಿವಿ ಒಂದು ಹೇಳಿತ್ತು, ನಾಲ್ಕನೆಯ ತರಗತಿ ಓದಿದವಳ ಪ್ರತಿ ಇನ್ನೊಂದು ಹೇಳುತ್ತಿತ್ತು. ಇನ್ನೊಮ್ಮೆ ಓದಿಸಿದೆ. ಅದೇ. ಬರೆಯುವಾಗ ಮೇಲೆ ಕೆಳಗೆ ಆಗಿರಬಹುದೇ ಎಂದು ಕೇಳಿದೆ. ಕೇಳಬಾರದಿತ್ತು.

 ಅವಳು ಅಂದಳು: 'ಇದರ ಮುಂದ ಸರಿ ಗುರ್ತು ಅದರಿ. ಅವತ್ತು ನೀವು ಓದೀರಿ, ನಾ ಹೂಂ ಅಂದೀನಿ. ನಾ ಸುಮ್ಮ ಹೂಂ ಅನ್ನಾಕಿ ಅಲ್ಲ.'

ಫೋನಿಟ್ಟೆ. ಮೇಲಿನ ಟ್ರೇಯ ಹಿಡಿಕೆ ಹಿಡಿದು ಎಳೆದೆ.

ಪರದೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಸಾಲು ಸರಿಯಿತು, ಇನ್ನೊಂದು ಸರಿಯಿತು. ಪಕ್ಕದ ಕೋಣೆಯಲ್ಲಿ ಬೆಳಿಗ್ಗೆಯಿಂದ ಸುಮ್ಮನಿದ್ದ ಪ್ರಿಂಟರು ನಿಲ್ಲಿಸಿದ್ದ ಹಾಳೆಯನ್ನು ಮುಂದುವರಿಸಿ ಕಿರುಗುಟ್ಟಿತು. ಭೀಮಶಾ ಯಂತ್ರಕ್ಕೆ ಕೈ ಮುಗಿದ. ಹೊರಗೆ ಬಂದ ಡಿಸ್ಕಿನ ಕ್ಲಿಪ್ಪು ನೋಡಿದೆ. ಒಂದು. ಕೆಳಗಿನದರಲ್ಲಿ ಕೇಳಿಸಿದ್ದ ಟಿಕ್, ಮಾತಾಡಲು ಆಗದ ಒಳ್ಳೆಯ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿದ್ದ ಸದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲು ಎಲ್ಲರ ಹಾಳೆ ತೆಗೆಯೋಣ ಎಂದರು ಡಾಕ್ಟರ್ ಬಾಯಿ. ಬೇಡ, ಈ ಮುದಿ ಡಿಸ್ಕಿಗೆ ಒಂದೇ ಕೆಲಸ ಹೇಳೋಣ ಎಂದೆ. ಹೊಸ ಡಿಸ್ಕನ್ನು ಸೀರೆಯ ತುಂಡಿನಿಂದ ಬಿಚ್ಚಿ ಮೇಲಿನ ಟ್ರೇಗೆ ಕೂಡಿಸಿ ಪ್ರತಿ ಶುರು ಮಾಡಿದೆ. ನೂರರಲ್ಲಿ ಒಂದು ಆಗಲು ಎರಡು ನಿಮಿಷ ಹಿಡಿಯಿತು. ಯಾರೂ ಯಂತ್ರ ಮುಟ್ಟಬಾರದೆಂದು ಬಾಗಿಲಲ್ಲಿ ಸ್ಟೂಲು ಹಾಕಿ ಕೂತೆ. ನಲವತ್ತಾಯಿತು. ಅರವತ್ತೊಂದಕ್ಕೆ ಬಂದು ನಿಂತಿತು. ಕೆಳಗಿನದರಿಂದ ಟಿಕ್ ಟಿಕ್ ಸದ್ದು. ಈ ಸಲ ಅದು ನಿಜವಾಗಿಯೂ ಅದರದೇ ನೋವಿನ ಸದ್ದು. ಮಲ್ಕಪ್ಪ ಬೆಂಚಿನ ಮೇಲೆ ಕೆಮ್ಮುತ್ತಿದ್ದರು. ಅವರ ಕೆಮ್ಮು, ಆ ಸದ್ದು ಎರಡನ್ನೂ ಕೇಳುತ್ತ ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ. ಅರವತ್ತೆರಡು. ನೂರಾದಾಗ ಮಧ್ಯಾಹ್ನ ಮೂರೂವರೆ.

ಮಿಲ್ಲಿನಲ್ಲಿ ಮರೆತ ಮೊದಲ ತುಂಡನ್ನು ಬರೆದೆ, ಬರೆದದ್ದನ್ನು ಎರಡು ಸಲ ನೋಡಿದೆ. ಆಮೇಲೆ ಎಲ್ಲರ ಹಾಳೆ ತೆಗೆಸಿದೆವು. ಕೊನೆಗೆ ಯಂತ್ರ ಆರಿಸಿ, ಕೆಳಗಿನ ಹಳೆಯ ಡಿಸ್ಕ್ ತೆಗೆದು, ಹೊಸದನ್ನು ಒಂಟಿಯಾಗಿ ಬಿಟ್ಟು ಗುಂಡಿ ಒತ್ತಿದೆ. ಎದ್ದಿತು. ಹಳೆಯದನ್ನು ಪರೀಕ್ಷೆಗೆಂದು ಬೇರೆ ಯಂತ್ರಕ್ಕೆ ಹಚ್ಚಿ ನೋಡಿದೆ. ಅದು ತಿರುಗಲಿಲ್ಲ. ಆಮೇಲೆ ಯಾವತ್ತೂ ತಿರುಗಲಿಲ್ಲ. ನಾನು ಬೆಳಿಗ್ಗೆ ಯಂತ್ರ ಆರಿಸಿದ್ದರೆ ಅಷ್ಟೇ ಆಗುತ್ತಿತ್ತು. ಕೆಳಗಿನ ಟ್ರೇ ಎಳೆದಿದ್ದರೂ ಅಷ್ಟೇ.

ಮಲ್ಕಪ್ಪ ತಮ್ಮ ಹಾಳೆಗಳನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡರು. ಓದಲು ಬರದು. ಎಂಟು ಇವೆಯೋ ಎಂದು ಬೆರಳಿನಿಂದ ಎಣಿಸಿ ಹೋದರು. ಮರುದಿನದ ವಿಚಾರಣೆಯಲ್ಲಿ, ರೋಗ ಖಣಿಯಿಂದಲೇ ಬಂದದ್ದೆಂದು, ಅವರ ಹೆಸರು ನಿಂತಿತು ಎಂದು ಡಾಕ್ಟರ್ ಬಾಯಿ ವಾರದ ಮೇಲೆ ಫೋನಿನಲ್ಲಿ ಹೇಳಿದರು. ಕಾಗದದ ರಿಜಿಸ್ಟರು ಮತ್ತೆ ಶುರು ಮಾಡಲು ನಾನೇ ಹೇಳಿದೆ. ಅಂದಿನಿಂದ ಡಿಸ್ಕಿನ ನಂಬರನ್ನು ಟ್ರೇಯ ಲೋಹದ ಮೇಲೇ ಗೀರಿ ಬರೆಯತೊಡಗಿದೆ. ಒರೆಸಿದರೆ ಹೋಗದಂತೆ, ಮೇಲೆ ಕುಂಕುಮ ಹಚ್ಚಿದರೂ ಕಾಣುವಂತೆ.

ಮುಂದೆ ಯಂತ್ರಗಳು ಬದಲಾದವು. ಕೆಟ್ಟ ಡಿಸ್ಕಿನ ಮುಂದೆ ತಾನಾಗಿ ಕೆಂಪು ದೀಪ ಹತ್ತುವ ಕಾಲ ಬಂತು. ಈಗ ನೀವು ದೀಪ ನೋಡಿ ಎಳೆಯುತ್ತೀರಿ. ಎಳೆಯಿರಿ, ಆದರೆ ನಂಬರು ಓದಿ ಎಳೆಯಿರಿ, ಇನ್ನೊಬ್ಬರಿಂದ ಓದಿಸಿ ಎಳೆಯಿರಿ. ನಾನು ಹೇಳುವುದು ಇಷ್ಟೇ.

ಆ ಸಂಜೆ ಮನೆಗೆ ಬಂದಾಗ ರಮಾ ಏನಾಯಿತು ಎಂದು ಕೇಳಿದಳು. ಆಯಿತು ಎಂದೆ. ನನ್ನ ಕೈ ಯಾವ ಹಿಡಿಕೆಯ ಮೇಲಿತ್ತು ಎಂಬುದನ್ನು ಹೇಳಲಿಲ್ಲ. ನಾಚಿಕೆಯಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ, ಅಥವಾ ಬಂದಾಗ ನಾನು ಸುಮ್ಮನಿದ್ದೆ. ಡೈರಿಯಲ್ಲಿ 'ಶಹಾಬಾದ್, ಆಸ್ಪತ್ರೆ, ಡಿಸ್ಕ್ ಬದಲಿ, ಸರಿ' ಎಂದಷ್ಟೇ ಬರೆದು, ಹೊಸ ನಂಬರು ಬರೆದೆ. ಅವಳು ಅದನ್ನು ಹಾಗೇ ಪ್ರತಿ ಮಾಡಿದಳು. ನಾನು ಓದಿದೆ, ಅವಳು ಹೂಂ ಅಂದಳು.

ಈ ಹತ್ತೊಂಬತ್ತು ನೋಟ್‌ಬುಕ್ಕುಗಳು ಈಗ ಒಂದೇ ಪ್ರತಿ. ಹಾಗೆ ಇರಬಾರದೆಂದು ಅವುಗಳ ಪ್ರತಿ ಮಾಡಲು ಕೂತಿದ್ದೇನೆ. ಬರೆಯಬಹುದು, ತಾಳೆ ನೋಡಲು ಇನ್ನೊಬ್ಬರು ಬೇಕು. ಮುಜೀಬ್ ಸಾಹೇಬರಿಗೆ ಈಗ ಎಪ್ಪತ್ತು ದಾಟಿದೆ. ಶುಕ್ರವಾರ ನಮಾಜು ಮುಗಿಸಿ ಬರುತ್ತಾರೆ. ನಾನು ನನ್ನ ಹೊಸ ಪ್ರತಿಯಿಂದ ಓದುತ್ತೇನೆ, ಅವರು ರಮಾಳ ಹಾಳೆಯ ಮೇಲೆ ಬೆರಳಿಟ್ಟು ಹೂಂ ಅನ್ನುತ್ತಾರೆ.

ಹೋದ ಶುಕ್ರವಾರ ಶಹಾಬಾದಿನಲ್ಲಿ ಡಿಸ್ಕ್ ಬದಲಿಸಿದ ದಿನದ ಹಾಳೆ ಬಂತು. ಊರು ಓದಿದೆ, ಹೂಂ ಅಂದರು. ನಂಬರು ಓದಿದೆ, ಹೂಂ ಅಂದರು. ಮುಂದಿನ ಸಾಲು ಓದಿದೆ: ಯಾವ ಡಿಸ್ಕ್ ಎಂದು ನನಗೆ ತಿಳಿಯಲಿಲ್ಲ, ರಮಾ ಓದಿ ಹೇಳಿದಳು, ಅವಳು ಹೇಳಿದ್ದು ಸರಿ.

ಅವರ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹಾಳೆ ನೋಡಿದರು.

'ಈ ಸಾಲು ಇದರಾಗ ಇಲ್ಲಲ್ಲೋ ಚಂದ್ರಕಾಂತ.'

'ಇಲ್ಲರಿ ಸಾಹೇಬ್ರ. ನಾ ಅವಾಗ ಬರೀಲಿಲ್ಲ.'

ಅವರು ನನ್ನ ಮುಖ ನೋಡಲಿಲ್ಲ. ನೋಟ್‌ಬುಕ್ಕನ್ನು ನನ್ನ ಕಡೆಗೆ ತಿರುಗಿಸಿ, ಜೇಬಿನಿಂದ ತಮ್ಮ ಪೆನ್ನು ತೆಗೆದು ಅದರ ಮೇಲಿಟ್ಟರು.

'ಇದರಾಗೂ ಬರಿ' ಎಂದರು. 'ಎರಡೂ ಒಂದೇ ಇರಬೇಕಲ್ಲ.'

ಅವಳ ಅಕ್ಷರದ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಬರೆದೆ. ಆಮೇಲೆ ಮೊದಲಿನಿಂದ ಓದಿದೆ. ಅವರು ಹೂಂ ಅಂದರು.